ಹಲಗಲಿಯ ಬೀಸುಕಲ್ಲು ಮರೆಯದಿರಲಿ: ಲಾವಣಿ ದಾಖಲಾತಿಗೆ ದೇಣಿಗೆ ಮನವಿ

ಮಾನ್ಯರೇ,

1857ರ ನವೆಂಬರ್ ಕೊನೆಯಲ್ಲಿ ಕಂಪನಿ ಸರ್ಕಾರದ ಸೈನ್ಯ ಮುಧೋಳ ಸಂಸ್ಥಾನದ (ಈಗಿನ ಬಾಗಲಕೋಟೆ ಜಿಲ್ಲೆಯ) ಹಲಗಲಿ ಎಂಬ ಊರಿಗೆ ನುಗ್ಗಿತು. ಗುಂಡು ಹಾರಿಸಿ ಜನರನ್ನು ಕೊಂದಿತು, ಊರಿಗೆ ಬೆಂಕಿ ಇಟ್ಟಿತು. ಸುಡುವ ಮುಂಚೆ ಮನೆಗಳನ್ನು ದೋಚಿದರು. ಏನೇನು ಒಯ್ದರು ಎಂಬುದನ್ನು ಈ ಘಟನೆಯ ಮೇಲೆ ಕಟ್ಟಿದ ‘ಹಲಗಲಿಯ ಬೇಡರು’ ಲಾವಣಿ ಒಂದೊಂದಾಗಿ ಎಣಿಸಿ ಹೇಳುತ್ತದೆ: ಹಾಲು, ಬೆಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಊಟದ ಗಂಗಾಳ, ಮಂಗಳಸೂತ್ರ. ಬೀಸುಕಲ್ಲನ್ನೂ ಬಿಡಲಿಲ್ಲ.

ಈ ಲಾವಣಿ ನಿಮ್ಮಲ್ಲಿ ಅನೇಕರಿಗೆ ಹತ್ತನೆಯ ತರಗತಿಯ ಕನ್ನಡ ಪಠ್ಯದಿಂದ ಗೊತ್ತು. ಜಡಗ, ಬಾಲ, ಹನುಮ, ರಾಮ ಎಂಬ ನಾಲ್ವರು ಬೇಡ ವೀರರ ಹೆಸರುಗಳನ್ನು ಪರೀಕ್ಷೆಗಾಗಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಜನರೆಲ್ಲ ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು 1857ರಲ್ಲೇ ಬಂದಿತು. ಬೇಡರಿಗೆ ಆಯುಧವೆಂದರೆ ಬೇಟೆ, ಬೇಟೆಯೆಂದರೆ ಅನ್ನ. ಅದಕ್ಕೂ ಮಿಗಿಲಾಗಿ ಅದು ಮಾನ. ಅವರು ಕೊಡಲಿಲ್ಲ. ಕೇಳಲು ಬಂದವರನ್ನು ಹೊಡೆದು ಅಟ್ಟಿದರು. ದಂಡು ಬಂದದ್ದು ಆಮೇಲೆ. ಡಿಸೆಂಬರ್‌ನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು.

ವೀರರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಬೀಸುಕಲ್ಲಿನ ಮುಂದೆ ಕೂತಿದ್ದ ಹೆಣ್ಣುಮಗಳು ಕತ್ತಿ ಹಿಡಿದವಳಲ್ಲ. ತೊಟ್ಟಿಲ ಕೂಸು ಯಾವ ಕಾನೂನನ್ನು ಮುರಿದಿತ್ತು? ದಂಡು ಊರು ಬಿಟ್ಟು ಹೋದ ಮರುದಿನ ಅವರು ಏನನ್ನು ಬೀಸಿದರು, ಯಾವ ಪಾತ್ರೆಯಲ್ಲಿ ಬೇಯಿಸಿದರು? ದಂಗೆ ಅಡಗಿಸುವುದಕ್ಕೆ ಜೀರಿಗೆಯ ಡಬ್ಬಿಯನ್ನು ಹೊತ್ತೊಯ್ಯಬೇಕಾಗಿರಲಿಲ್ಲ. ಅದು ಶಿಕ್ಷೆಯಲ್ಲ, ಸುಲಿಗೆ. ಹಾಡು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗುಂಡುಗಳ ಜೊತೆಗೆ ಬೆಲ್ಲವನ್ನೂ ಲೆಕ್ಕ ಇಟ್ಟರು.

ಬ್ರಿಟಿಷ್ ಅಧಿಕಾರಿಯಾಗಿದ್ದ ಫ್ಲೀಟ್ ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಹಾಡಿನ ಒಂದು ರೂಪ ಉಳಿಯಿತು. ಆದರೆ ಹಾಡು ಅಚ್ಚಿನಲ್ಲಿ ನಿಂತ ಮೇಲೂ ಬಾಯಿಂದ ಬಾಯಿಗೆ ನಡೆಯುತ್ತಲೇ ಇರುತ್ತದೆ. ಒಂದು ಮೇಳ ಸೇರಿಸಿದ ಸಾಲನ್ನು ಇನ್ನೊಂದು ಮೇಳ ಬಿಟ್ಟಿರುತ್ತದೆ. ಆ ಬಿಟ್ಟ ಸಾಲಿನಲ್ಲಿ ಯಾರ ಮನೆಯ ಸಂಗತಿ ಇತ್ತೋ! ಡಪ್ಪು, ತುಂತುಣಿ, ತಾಳ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಕಳೆದ ವರ್ಷ ನಾವು ಹುಡುಕಿಕೊಂಡು ಹೋದ ಒಂದು ಮನೆಯಲ್ಲಿ ತುಂತುಣಿ ಗೂಟಕ್ಕೆ ತೂಗುತ್ತಿತ್ತು, ನುಡಿಸುವವರು ಇರಲಿಲ್ಲ. ನಾವು ಮೂರು ತಿಂಗಳು ತಡವಾಗಿ ಹೋಗಿದ್ದೆವು. ಆ ನೋವಿನಿಂದಲೇ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ಟ್ರಸ್ಟ್ ಮುಧೋಳ ಸೀಮೆಯ ಲಾವಣಿ ಮತ್ತು ಗೀಗಿ ಮೇಳಗಳನ್ನು ಧ್ವನಿಮುದ್ರಿಸಲು ಹೊರಟಿದೆ. ಹಾಡುಗಾರರ ಸಂಭಾವನೆ, ಊಟ, ಪ್ರಯಾಣ, ಧ್ವನಿಮುದ್ರಣ ಸೇರಿ ಒಂದು ಮೇಳದ ಒಂದು ದಿನಕ್ಕೆ 8,000 ರೂಪಾಯಿ ಬೇಕು. ಮೊದಲ ಹಂತದಲ್ಲಿ 25 ಮೇಳಗಳನ್ನು ದಾಖಲಿಸುವ ಆಸೆಯಿದೆ, ಎಂದರೆ ಎರಡು ಲಕ್ಷ ರೂಪಾಯಿ. ಇದರ ಜೊತೆಗೆ ಪ್ರೌಢಶಾಲೆಯ ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಮನೆತನದ ನೆನಪುಗಳನ್ನು ಬರೆದಿಡುತ್ತಾರೆ. ಆ ಕೆಲಸಕ್ಕೆ ನೋಟ್‌ಬುಕ್ಕು, ಪೆನ್ನುಗಳ ಖರ್ಚು ಅಷ್ಟೇ. ಸಮಾರಂಭಕ್ಕೆ, ಹಾರ ತುರಾಯಿಗೆ, ಫ್ಲೆಕ್ಸ್‌ಗೆ ನಿಮ್ಮ ಹಣದಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ವರ್ಷದ ಕೊನೆಗೆ ಪೂರ್ತಿ ಲೆಕ್ಕವನ್ನು ಎಲ್ಲ ದಾನಿಗಳಿಗೂ ಕಳುಹಿಸುತ್ತೇವೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ದೇಣಿಗೆ ನೀಡಬಹುದು. ಬೆಂಗಳೂರು, ಪುಣೆ, ಮುಂಬೈಗಳಲ್ಲಿ ನೆಲೆಸಿರುವ ನಮ್ಮ ಸೀಮೆಯವರು ತಮ್ಮ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಒಂದು ಮೇಳದ ಖರ್ಚನ್ನು ವಹಿಸಿಕೊಂಡರೆ, ಆ ಹೆಸರನ್ನು ಧ್ವನಿಮುದ್ರಣದ ಆರಂಭದಲ್ಲಿ ಓದಿಸುತ್ತೇವೆ.

ಹಣ ಕೊಡಲಾಗದವರು ಮನೆಯ ಅಟ್ಟವನ್ನು ಒಮ್ಮೆ ನೋಡಿ. ಜಾತ್ರೆಯಲ್ಲಿ ಯಾರೋ ತುಂಬಿಸಿಕೊಂಡ ಹಳೆಯ ಕ್ಯಾಸೆಟ್ ಇದ್ದರೆ, ಟೇಪು ಸಿಕ್ಕಿಕೊಂಡಿದ್ದರೂ ಸರಿ, ಎಸೆಯಬೇಡಿ. ನಾವೇ ಬಂದು ಒಯ್ದು, ನಕಲು ಮಾಡಿಕೊಂಡು, ಮೂಲವನ್ನು ನಿಮ್ಮ ಕೈಗೇ ತಂದು ಒಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಟ್ರಸ್ಟ್‌ನ ಪರವಾಗಿ