ಸೈಲೆಂಟ್ ವ್ಯಾಲಿ ಪ್ರವಾಸ: ಹಣ ವಾಪಸಿಗೂ ಕರಪತ್ರ ಹಿಂಪಡೆಯುವುದಕ್ಕೂ ದೂರು

ಗೆ,
ವ್ಯವಸ್ಥಾಪಕರು,
ಪ್ರವಾಸ ಸಂಸ್ಥೆ, ಕಾಸರಗೋಡು

ವಿಷಯ: ಪ್ರವಾಸದಲ್ಲಿ ಕೊಟ್ಟ ಮಾತು ತಪ್ಪಿದ್ದು ಮತ್ತು ನಿಮ್ಮ ಸಿಬ್ಬಂದಿ ಸಿಂಗಳೀಕಗಳಿಗೆ ತಿಂಡಿ ಎಸೆದದ್ದು

ಮಾನ್ಯರೇ,

ಕಳೆದ ಅಕ್ಟೋಬರ್‌ನಲ್ಲಿ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ನಾವೊಂದಿಷ್ಟು ಜನ ನಿಮ್ಮ ಮೂಲಕ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ತಲೆಗೆ 6,500 ರೂಪಾಯಿಯಂತೆ ಮೊದಲೇ ಕಟ್ಟಿದ್ದೆವು. ಹಣಕ್ಕೆ ತಕ್ಕ ಸೇವೆ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು, ಆ ಕಾಡಿನ ಬಗ್ಗೆ ಏನೂ ವಿಚಾರಿಸದೆ ನೀವು ಅದನ್ನು ಮಾರುತ್ತಿರುವುದು.

ನಿಮ್ಮ ಕರಪತ್ರ ನನ್ನ ಹತ್ತಿರ ಇದೆ. ‘ಮಳೆಕಾಡಿನೊಳಗೆ ಇಡೀ ದಿನ ಟ್ರೆಕ್ಕಿಂಗ್, ಹುಲಿ, ಆನೆ, ಸಿಂಗಳೀಕ ದರ್ಶನ ಗ್ಯಾರಂಟಿ, ಸೈಲೆಂಟ್ ವ್ಯಾಲಿ ಅಣೆಕಟ್ಟು ವೀಕ್ಷಣೆ, ಕನ್ನಡ ಬಲ್ಲ ಗೈಡ್’ ಎಂದು ದೊಡ್ಡಕ್ಷರದಲ್ಲಿ ಹಾಕಿದ್ದೀರಿ.

ಮೊದಲು ಅಣೆಕಟ್ಟಿನ ವಿಷಯ. ಅಲ್ಲಿ ಅಣೆಕಟ್ಟೇ ಇಲ್ಲ. ಉದ್ಯಾನದೊಳಗಿನ ಸೈರಂಧ್ರಿ ಎಂಬ ಜಾಗದ ಹತ್ತಿರ ಕುಂತಿ ಹೊಳೆಗೆ ಕಟ್ಟ ಹಾಕಿ ಕರೆಂಟ್ ತೆಗೆಯುವ ಯೋಜನೆ ಇದ್ದದ್ದು ನಿಜ. ಕಟ್ಟಿದ್ದರೆ ಆ ಕಾಡಿನ ಒಳ್ಳೆಯ ಭಾಗ ನೀರಿನಡಿ ಹೋಗುತ್ತಿತ್ತು. ವಿಜ್ಞಾನ ಪ್ರಚಾರದ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಅದರ ವಿರುದ್ಧ ಜನರನ್ನು ಎಬ್ಬಿಸಿದರು. ಕವಯಿತ್ರಿ ಸುಗತಕುಮಾರಿ ಮುಂದೆ ನಿಂತರು. ಪಕ್ಷಿತಜ್ಞ ಸಲೀಂ ಅಲಿ ದನಿಗೂಡಿಸಿದರು. ಕೊನೆಗೆ 1983ರಲ್ಲಿ ಯೋಜನೆ ಕೈಬಿಟ್ಟರು. 1984ರಲ್ಲಿ, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯಾದ ವರ್ಷವೇ, ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ರಾಜೀವ್ ಗಾಂಧಿ ಬಂದು ಉದ್ಘಾಟಿಸಿದರು. ಅಷ್ಟೊಂದು ಜನ ಹೋರಾಡಿ ತಡೆದ ಅಣೆಕಟ್ಟನ್ನು ನೀವು ನೋಡುವ ಜಾಗಗಳ ಪಟ್ಟಿಗೆ ಸೇರಿಸಿದ್ದೀರಿ. ಒಬ್ಬರಾದರೂ ಅಲ್ಲಿಗೆ ಹೋಗಿ ಬಂದು ಇದನ್ನು ಬರೆದಿದ್ದರೆ ಹೀಗಾಗುತ್ತಿತ್ತಾ?

ಟ್ರೆಕ್ಕಿಂಗ್ ಕಥೆಯೂ ಅಷ್ಟೆ. ಮುಕ್ಕಾಲಿ ಎಂಬ ಊರಿನಿಂದ ಮುಂದಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಅಲ್ಲಿ ಅನುಮತಿ ಪಡೆದು, ಜೀಪು ಹತ್ತಿ, ಗೈಡ್ ಜೊತೆ 23 ಕಿಲೋಮೀಟರ್ ಹೋದರೆ ಸೈರಂಧ್ರಿ. ಅಲ್ಲೊಂದು ಎತ್ತರದ ವೀಕ್ಷಣಾ ಗೋಪುರ. ಅಲ್ಲಿಂದ ಹೊಳೆಯ ತೂಗುಸೇತುವೆವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ಸಾಮಾನ್ಯ ಪ್ರವಾಸಿಗೆ ಸಿಗುವುದು ಇಷ್ಟೇ. ನನ್ನ ಮಟ್ಟಿಗೆ ಇಷ್ಟು ಸಿಕ್ಕಿದರೂ ಧಾರಾಳ. ಕಾಡಿನ ಒಳಭಾಗಕ್ಕೆ ಎಲ್ಲರನ್ನೂ ಬಿಡದೇ ಇರುವುದರಿಂದಲೇ ಅದು ಉಳಿದಿದೆ. ಆದರೆ ಇದನ್ನು ನೀವು ನಮಗೆ ಮೊದಲೇ ಹೇಳಬೇಕಿತ್ತು, ಅಲ್ವಾ?

ಆ ಒಂದೂವರೆ ಕಿಲೋಮೀಟರ್ ಕೂಡ ನಮಗೆ ದಕ್ಕಲಿಲ್ಲ. ಬೆಳಗ್ಗೆಯೇ ಮುಕ್ಕಾಲಿ ತಲುಪಿಸುತ್ತೇವೆ ಎಂದಿದ್ದಿರಿ. ನಿಮ್ಮ ಡ್ರೈವರ್ ದಾರಿಯಲ್ಲಿ ತನ್ನ ಪರಿಚಯದ ಹೋಟೆಲು, ಮಸಾಲೆ ಅಂಗಡಿ ಅಂತ ಸುಮ್ನೆ ನಿಲ್ಲಿಸುತ್ತಾ ಬಂದರು. ಮಣ್ಣಾರ್ಕಾಡ್ ದಾಟಿ ಘಾಟಿ ಹತ್ತುವಾಗಲೇ ಬಿಸಿಲು ನೆತ್ತಿಗೆ ಬಂದಿತ್ತು. ಮುಕ್ಕಾಲಿಯಲ್ಲಿ ಕೇಳಿದರೆ ನಮ್ಮ ಹೆಸರಿನಲ್ಲಿ ಬುಕ್ಕಿಂಗೇ ಇಲ್ಲ! ಅಲ್ಲಿನವರು ನಮ್ಮ ಜೊತೆಗಿದ್ದ ಹಿರಿಯರ ಮುಖ ನೋಡಿ ಕೊನೆಯ ಜೀಪುಗಳಲ್ಲಿ ಜಾಗ ಮಾಡಿಕೊಟ್ಟರು. ಗೋಪುರ ಹತ್ತಿ ಇಳಿಯುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಯಿತು. ಹೊಳೆಯನ್ನು ಹತ್ತಿರದಿಂದ ನೋಡಲೇ ಇಲ್ಲ.

ಇನ್ನು ಸಿಂಗಳೀಕಗಳ ವಿಷಯ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಬಂಡೀಪುರದಲ್ಲಿ ಜಿಂಕೆ ಕಂಡಂತೆ ಮಳೆಕಾಡಿನಲ್ಲಿ ಪ್ರಾಣಿ ಕಾಣುವುದಿಲ್ಲ. ಮರಗಳು ಒಂದರ ಮೇಲೊಂದು ಚಾವಣಿ ಹಾಕಿದಂತೆ ನಿಂತಿರುತ್ತವೆ. ಬದುಕು ಜಾಸ್ತಿ ನಡೆಯುವುದು ಮೇಲೆ, ಎಲೆಗಳ ಮರೆಯಲ್ಲಿ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಕಡಿಮೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಕಾಡಿನಲ್ಲಿ ಬದುಕಿಲ್ಲ. ಇಂಥ ಪ್ರಾಣಿಗೆ ಗ್ಯಾರಂಟಿ ಕೊಡಲು ಯಾರಿಂದ ಸಾಧ್ಯ?

ಹಾಗಿದ್ದೂ ವಾಪಸ್ ಬರುವಾಗ ನಮಗೆ ಒಂದು ಗುಂಪು ಕಾಣಿಸಿತು. ಗೈಡ್ ಅಟ್ಟಪ್ಪಾಡಿಯವರು. ಅವರೇ ಜೀಪು ನಿಲ್ಲಿಸಿ, ವೆಡಿಪ್ಲಾವು ಮರದ ಕೊಂಬೆ ತೋರಿಸಿದರು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ. ಒಂದು ತಾಯಿ ಎದೆಗೆ ಮರಿ ಅಪ್ಪಿಕೊಂಡು ಕೂತಿತ್ತು. ಈ ಮರದ ಹೂವು, ಬೀಜ ಇವಕ್ಕೆ ಬಲು ಇಷ್ಟ ಎಂದು ಗೈಡ್ ಮೆಲ್ಲಗೆ ಹೇಳುತ್ತಿದ್ದರು. ಅಷ್ಟರಲ್ಲಿ ನಿಮ್ಮ ಟೂರ್ ಮ್ಯಾನೇಜರ್ ಜೋರಾಗಿ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಕೆಳಗಿಳಿದರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು ಬಾಳೆಕಾಯಿ ಚಿಪ್ಸ್ ಪೊಟ್ಟಣ ಒಡೆದು ರಸ್ತೆಗೆ ಎಸೆದರು. ಖಾಲಿ ಪೊಟ್ಟಣವೂ ಅಲ್ಲೇ ಬಿತ್ತು. ಗೈಡ್ ಇಳಿದು ಚೂರು ಬಿಡದೆ ಹೆಕ್ಕಿದರು. ನಿಮ್ಮವರು ‘ನಾವು ದುಡ್ಡು ಕೊಟ್ಟು ಬಂದವರು’ ಎಂದು ಅವರಿಗೇ ಜೋರು ಮಾಡಿದರು. ಆ ದುಡ್ಡು ನಮ್ಮದು. ನಮ್ಮ ಹೆಸರಿನಲ್ಲಿ ಆ ಮಾತು ಆಡುವ ಹಕ್ಕು ಅವರಿಗಿರಲಿಲ್ಲ.

ವನ್ಯಜೀವಿಗಳನ್ನು ಕೆಣಕುವುದು, ಕಾಡಿನಲ್ಲಿ ಕಸ ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಿಷಿದ್ಧ. ಕಾನೂನು ಹಾಗಿರಲಿ. ಒಮ್ಮೆ ಮನುಷ್ಯರ ತಿಂಡಿಯ ರುಚಿ ಹತ್ತಿದರೆ ಸಿಂಗಳೀಕ ರಸ್ತೆಗೆ ಇಳಿಯುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಹಾಗೆ ಇಳಿದವು ವಾಹನದಡಿ ಸಿಕ್ಕಿ ಸತ್ತಿವೆ. ಆ ತಾಯಿಗೂ ಮರಿಗೂ ಅಂಥ ಗತಿ ಬರಬಾರದು.

ಗೈಡ್ ತಮ್ಮ ಕೆಲಸ ಚೆನ್ನಾಗಿ ಮಾಡಿದರು, ಮಲಯಾಳದಲ್ಲಿ. ತಂಡದ ಹಿರಿಯರಲ್ಲಿ ಕೆಲವರಿಗೆ ಮಲಯಾಳ ಅಷ್ಟಾಗಿ ಹಿಡಿಯುವುದಿಲ್ಲ. ನೀವು ಹೇಳಿದ ಕನ್ನಡ ಗೈಡ್ ಬರಲೇ ಇಲ್ಲ. ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಇಂಬಳ (ಜಿಗಣೆ) ಕಚ್ಚದಂತೆ ಕೊಡುತ್ತೇವೆ ಎಂದ ಕಾಲುಚೀಲವೂ ಸಿಗಲಿಲ್ಲ. ಹಣ ವಾಪಸ್ ಕೇಳಿದಾಗ ನೀವು ತೋರಿಸಿದ ಷರತ್ತುಗಳು ಬರೀ ಮಲಯಾಳ, ಇಂಗ್ಲಿಷಿನಲ್ಲಿವೆ. ಕರಪತ್ರ ಮಾತ್ರ ಕನ್ನಡದಲ್ಲಿ. ಜನರನ್ನು ಕರೆಯಲು ಕನ್ನಡ ಬೇಕಾದರೆ, ಷರತ್ತು ಹೇಳಲೂ ಕನ್ನಡ ಬೇಕು.

ನಾನು ಕೇಳುವುದು ಇಷ್ಟು. ಎಲ್ಲರಿಗೂ ಅರ್ಧ ಹಣ ವಾಪಸ್ ಕೊಡಿ. ವಾಹನ, ಊಟದ ಖರ್ಚು ನಿಮಗೂ ಬಿದ್ದಿದೆ, ಅದಕ್ಕೇ ಪೂರ್ತಿ ಕೇಳುತ್ತಿಲ್ಲ. ಆ ಕರಪತ್ರವನ್ನು ಕೂಡಲೇ ಹಿಂಪಡೆಯಿರಿ. ಮುಂದಿನದರಲ್ಲಿ ಅಣೆಕಟ್ಟು, ಗ್ಯಾರಂಟಿ ಎರಡೂ ಇರಬಾರದು. ಎಷ್ಟು ದೂರ ಜೀಪು, ಎಷ್ಟು ನಡಿಗೆ ಎಂಬುದು ಸ್ಪಷ್ಟವಾಗಿರಲಿ. ಟೂರ್ ಮ್ಯಾನೇಜರನ್ನು ಇನ್ನು ಕಾಡಿನ ಪ್ರವಾಸಕ್ಕೆ ಕಳಿಸಬೇಡಿ. ಆ ಗೈಡ್‌ಗೆ ಸಂಸ್ಥೆಯ ಪರವಾಗಿ ಕ್ಷಮೆ ಕೇಳಿ ಮುಕ್ಕಾಲಿಯ ಕಚೇರಿಗೆ ಪತ್ರ ಬರೆಯಿರಿ, ಪ್ರತಿ ನನಗೂ ಕೊಡಿ.

30 ದಿನದೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ರಶೀದಿ, ಕರಪತ್ರ, ಚಿಪ್ಸ್ ಎಸೆಯುವಾಗ ತೆಗೆದ ವಿಡಿಯೊ ಎಲ್ಲವೂ ನನ್ನಲ್ಲಿವೆ. ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಉತ್ತರ ಬರವಣಿಗೆಯಲ್ಲಿ, ಕನ್ನಡದಲ್ಲೇ ಬರಲಿ.

ಇತಿ,
ತಂಡದ ಪರವಾಗಿ,
ಬದಿಯಡ್ಕದ ನಿಮ್ಮ ಗ್ರಾಹಕಿ