ಬೆಲೆ ಅವಳಿಗೂ ಗೊತ್ತಿರಲಿ

ಪ್ರೀತಿಯ ಪುಟ್ಟು,

ಆಶೀರ್ವಾದಗಳು.

ನಿನ್ನ ಕಾಗದ ಬಂತು. ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ನೀನು ಕೊಂಡ 1922ರ ಬ್ರಿಟಿಷ್ ಪೆನ್ನಿ ನಾಣ್ಯ, ಹಿಂಬದಿಗೆ ಮಾತ್ರ 1927ರ ಅಚ್ಚು! ಇದರ ಬಗ್ಗೆ ಓದಿದ್ದೆ, ನೋಡಿರಲಿಲ್ಲ. ನಿಜವಾಗಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಎಷ್ಟು ಕೊಟ್ಟೆ ಅಂತ ಇವಳಿಗೆ ಇನ್ನೂ ಹೇಳಿಲ್ಲ ದೊಡ್ಡಪ್ಪ" ಅಂತ. ಅದನ್ನು ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ದುಡ್ಡು ಜಾಸ್ತಿ ಆಯಿತು ಅಂತ ನಾನು ಹೇಳುವುದಿಲ್ಲ. ನೀನು ದುಡಿದದ್ದು, ನಿನ್ನ ಇಷ್ಟ. ನನಗೆ ದಿಗಿಲಾದದ್ದು ಆ "ಹೇಳಿಲ್ಲ" ಅನ್ನುವುದಕ್ಕೆ.

ನೋಡು, ಚಿನ್ನದ ಸಾವರಿನ್ ನಾಣ್ಯ ಆಗಿದ್ದರೆ ಯಾರ ಕೈಗೆ ಸಿಕ್ಕರೂ ಚಿನ್ನ ಅಂತ ತಿಳಿಯುತ್ತದೆ. ನೀನು ಕೂಡಿಡುವುದು ಅಂಥದ್ದಲ್ಲ. 1902ರ ಪೆನ್ನಿಯಲ್ಲಿ ಬ್ರಿಟನ್ನಿನ ಪ್ರತೀಕವಾದ ಹೆಣ್ಣು ಬ್ರಿಟಾನಿಯಾ ಕೂತಿರುವ ಕಡೆ ಕಡಲಿನ ಗೆರೆ ಕೊಂಚ ಕೆಳಗಿದೆಯಾ, ಮೇಲಿದೆಯಾ? 1918ರದ್ದರಲ್ಲಿ ಇಸವಿಯ ಎಡಕ್ಕೆ ಟಂಕಸಾಲೆಯ ಗುರುತು ಕೆಎನ್ ಅಂತ ಇದೆಯಾ, ಬರೀ ಎಚ್ ಇದೆಯಾ? ಇಷ್ಟರ ಮೇಲೇ ಬೆಲೆ ನಿಂತಿರುತ್ತದೆ, ಅಲ್ವಾ? ಗೊತ್ತಿಲ್ಲದವರ ಕೈಗೆ ಬಂದರೆ ಅದು ಕಪ್ಪಾದ ಹಳೇ ಕಂಚಿನ ಬಿಲ್ಲೆ. ನಿಮ್ಮ ಮನೆಯಲ್ಲಿ ಗೊತ್ತಿರುವವನು ನೀನೊಬ್ಬನೇ. ನನ್ನ ದಿಗಿಲು ಇದೇ.

ನಾನು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಹಳೇ ಪೆನ್ನಿಗೆ ಅಂಗಡಿಗೆ ಹೋಗಬೇಕಿರಲಿಲ್ಲ. 1971ರ ಫೆಬ್ರುವರಿ 15ರಂದು ಅಲ್ಲಿನ ದುಡ್ಡಿಗೆ ದಶಮಾನ ಪದ್ಧತಿ ಬಂತು. ಅದಕ್ಕೆ ಮೊದಲು ಬಸ್ಸಿನ ಕಂಡಕ್ಟರ್ ಕೊಡುವ ಚಿಲ್ಲರೆಯಲ್ಲೇ ವಿಕ್ಟೋರಿಯಾ ರಾಣಿ ಬರುತ್ತಿದ್ದಳು. ತುರುಬು ಕಟ್ಟಿದ ಎಳೆಯ ಮುಖ. 1860ರಲ್ಲಿ ಶುರುವಾದ ಕಂಚಿನ ಪೆನ್ನಿ ಅದು. ಎಷ್ಟು ಸವೆದಿರುತ್ತಿತ್ತು ಅಂದರೆ ಕೂದಲು ಯಾವುದು, ಕಿವಿ ಯಾವುದು ತಿಳಿಯುತ್ತಿರಲಿಲ್ಲ. ನೂರು ವರ್ಷದ ಹಿಂದಿನ ದುಡ್ಡು ಕೊಟ್ಟು ಟಿಕೆಟ್ ತೆಗೆಯುವುದು! ನನಗಂತೂ ಮೈ ಜುಮ್ಮೆನ್ನುತ್ತಿತ್ತು.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು 1912ರ ಪೆನ್ನಿಯಲ್ಲಿ ಎಚ್ ಅಕ್ಷರ ತೋರಿಸಿಕೊಟ್ಟರು. ಅದು ಅಲ್ಲಿನ ಹೀಟನ್ ಟಂಕಸಾಲೆಯ ಗುರುತು. "ಇದು ನಮ್ಮೂರಲ್ಲೇ ಒತ್ತಿದ್ದು" ಅನ್ನುವಾಗ ಅವರ ಮುಖ ನೋಡಬೇಕಿತ್ತು. ತಂಬಾಕಿನ ಡಬ್ಬಿಗಳಲ್ಲಿ ಆರಿಸಿ ಆರಿಸಿ ಇಟ್ಟಿದ್ದರಂತೆ. ಮನೆಯಲ್ಲಿ ಮಾತ್ರ ಆ ಮಾತೇ ಎತ್ತಿದವರಲ್ಲ. ಅವರು ಹೋದ ಮೇಲೆ ಅವರ ಹೆಂಡತಿ ಎಲ್ಲವನ್ನೂ ಚೀಲಕ್ಕೆ ಸುರಿದು ಬ್ಯಾಂಕಿಗೆ ಕೊಟ್ಟುಬಂದರು. 1971ರ ಆಗಸ್ಟ್ ಕೊನೆಗೆ ಹಳೇ ಪೆನ್ನಿ ಚಲಾವಣೆ ನಿಲ್ಲುವುದಿತ್ತು. 240 ಪೆನ್ನಿಗೆ ಒಂದು ಪೌಂಡ್, ಆ ತಾಯಿಗೆ ತಿಳಿದದ್ದು ಅಷ್ಟೇ. ಅವರನ್ನು ಏನಂತ ಅನ್ನುವುದು? ಒಂದು ಭಾನುವಾರ ಹೋಗಿ ಆ ಡಬ್ಬಿಗಳನ್ನೆಲ್ಲ ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು. ಅದು ಕೂಡಿಬರಲೇ ಇಲ್ಲ. ಆ ಕೊರಗು ಈಗಲೂ ಇದೆ.

ನಿನಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಆದರೂ ಒಂದು ಮಾತು. ಆ ಪೆನ್ನಿಯನ್ನು ಇನ್ನೊಬ್ಬ ತಿಳಿದವರಿಗೆ ತೋರಿಸು, ಮಾರಿದವರ ಮಾತೊಂದೇ ಸಾಲದು. ಉಜ್ಜಿ ಹೊಳಪು ಮಾಡಲು ಮಾತ್ರ ಹೋಗಬೇಡ. ನಿನಗೆ ಗೊತ್ತೇ ಇದೆ, ಸುಮ್ನೆ ಬರೆದೆ.

ಮತ್ತೆ ಅದೇ ಮಾತಿಗೆ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋಟೋದಲ್ಲಿ ನೀನು ನಾಣ್ಯ ಹಾಕಿಡುವ ಕವರುಗಳೂ ಕಂಡವು. ಇಸವಿ ಬರೆದಿದ್ದೀಯ, ಅಚ್ಚಿನ ವಿವರ ಬರೆದಿದ್ದೀಯ, ಎಲ್ಲಿ ಕೊಂಡದ್ದು ಅಂತಲೂ ಇದೆ. ಬೆಲೆಯ ಜಾಗ ಮಾತ್ರ ಖಾಲಿ. ಅವಳು ನೋಡಿಬಿಟ್ಟಾಳು ಅಂತ ತಾನೇ? ನಾಳೆ ಬ್ಯಾಂಕಿನ ಲೆಕ್ಕದಲ್ಲಿ ಅವಳಿಗೇ ಕಂಡರೆ ಏನು ಮಾಡುತ್ತೀಯ? ಆಗ ಈ ಪೆನ್ನಿಯ ಮುಖ ನೋಡಲೂ ನಿನಗೆ ಮನಸ್ಸು ಬರುವುದಿಲ್ಲ ಪುಟ್ಟು. ಅಷ್ಟು ಹುಡುಕಿ ತಂದದ್ದು.

ಹೇಗೆ ಶುರು ಮಾಡುವುದು ಅಂತ ನಿನಗೆ ಅನಿಸಬಹುದು. ನಿನ್ನ ಹತ್ತಿರ ಇಸವಿಯೇ ಇಲ್ಲದ 20 ಪೆನ್ಸ್ ಇದೆಯಲ್ಲ, ಅದನ್ನು ಮೊದಲು ಅವಳ ಕೈಗೆ ಕೊಡು. 2008ರಲ್ಲಿ ಹೊಸ ವಿನ್ಯಾಸ ಬಂದಾಗ ಇಸವಿಯನ್ನು ಹಿಂಬದಿಯಿಂದ ರಾಣಿಯ ಬದಿಗೆ ತಂದರು. ಕೆಲವು ನಾಣ್ಯಗಳಲ್ಲಿ ಹೊಸ ಹಿಂಬದಿಗೆ ರಾಣಿಯ ಬದಿಯ ಹಳೇ ಅಚ್ಚೇ ಸೇರಿಹೋಯಿತು, ಇಸವಿ ಎರಡೂ ಕಡೆ ಇಲ್ಲವಾಯಿತು. ಭೂತಗನ್ನಡಿಯೂ ಬೇಡ, ತಿರುಗಿಸಿ ನೋಡಿದರೆ ಅವಳಿಗೇ ಗೊತ್ತಾಗುತ್ತದೆ. ಆಮೇಲೆ ಬೇರೆ 1922ರ ಪೆನ್ನಿಯೊಂದನ್ನು ಪಕ್ಕದಲ್ಲಿಟ್ಟು ಇದನ್ನು ತೋರಿಸು. ಬೆಲೆಯನ್ನೂ ಒಂದೇ ಉಸಿರಿಗೆ ಹೇಳಿಬಿಡು. ಕಡಿಮೆ ಮಾಡಿ ಹೇಳಬೇಡ.

ಸೊಸೆಗೆ ಸಿಟ್ಟು ಬಂದರೆ ಬರಲಿ. ಅವಳ ಕೈಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ಕವರಿನ ಮೇಲೆ ಬೆಲೆ ಬರೆದ ಮೇಲೆ ಇನ್ನೊಂದು ಫೋಟೋ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ