ವಯಸ್ಸಿನ ಕಾಲಂನಲ್ಲಿ 19 ಎಂದು ಬರೆಯುವ ಮುನ್ನ: ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹದಿನೆಂಟು ತುಂಬದ ಹುಡುಗನನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 10ನೇ ಕಲಂ ಇದನ್ನು ಎರಡು ಮಾತಿಲ್ಲದಂತೆ ಹೇಳುತ್ತದೆ. ಆದರೂ ಅಂಥವನು ದೊಡ್ಡವರ ಜೈಲಿಗೆ ಹೋಗಲು ಒಂದೇ ಒಂದು ಅಂಕಿ ಸಾಕು. ಠಾಣೆಯಲ್ಲಿ ಬಂಧನ ಪತ್ರ ತುಂಬುವಾಗ ವಯಸ್ಸಿನ ಕಾಲಂನಲ್ಲಿ 19 ಎಂದು ಬಿದ್ದರೆ, ಅದೇ ಅಂಕಿ ರಿಮಾಂಡ್ ಅರ್ಜಿಗೆ, ಅಲ್ಲಿಂದ ವಾರಂಟಿಗೆ, ಕೊನೆಗೆ ಜೈಲಿನ ದಾಖಲಾತಿ ಪುಸ್ತಕಕ್ಕೆ ನಕಲಾಗುತ್ತದೆ. ವಾರಂಟಿನಲ್ಲಿ ಇದ್ದದ್ದನ್ನು ಜೈಲರ್ ತಿದ್ದುವಂತಿಲ್ಲ. ಹುಡುಗ ಬ್ಯಾರಕ್ಕಿಗೆ ಹೋಗುತ್ತಾನೆ.

ಆ 19 ಯಾವಾಗಲೂ ಅಜ್ಞಾನದಿಂದ ಬರುವುದಿಲ್ಲ. 17 ಎಂದು ಬರೆದರೆ ಪೊಲೀಸರ ಕೆಲಸ ಹೆಚ್ಚುತ್ತದೆ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಬರಬೇಕು, ಅದೂ ಸಮವಸ್ತ್ರವಿಲ್ಲದೆ. ಕೈಕೋಳ ಹಾಕುವಂತಿಲ್ಲ, ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಪಾಲಕರಿಗೂ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ತಿಳಿಸಬೇಕು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಘೋರ ಅಪರಾಧವಲ್ಲದಿದ್ದರೆ (ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದು), ಜೊತೆಗೆ ವಯಸ್ಕರೂ ಇಲ್ಲದಿದ್ದರೆ, ಎಫ್‌ಐಆರ್ ಕೂಡ ಇಲ್ಲ. ಠಾಣಾ ದಿನಚರಿಯಲ್ಲಿ ನಮೂದು ಮತ್ತು ಸಾಮಾಜಿಕ ಹಿನ್ನೆಲೆ ವರದಿ ಅಷ್ಟೇ. ಒಂಟಿಯಾಗಿ ಸರ ಕಿತ್ತ ಹುಡುಗನ ಪ್ರಕರಣವೂ ಹೀಗೆಯೇ ನಡೆಯಬೇಕು. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಅದಕ್ಕೆ ಗರಿಷ್ಠ ಶಿಕ್ಷೆ 3 ವರ್ಷ, ಹಾಗಾಗಿ ಬಾಲನ್ಯಾಯದ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. ‘ಹತ್ತೊಂಬತ್ತು’ ಅಂದುಬಿಟ್ಟರೆ ಈ ಯಾವ ತಾಪತ್ರಯವೂ ಇಲ್ಲ. ಕೇಳಿದರೆ ‘ಹುಡುಗನೇ ಹೇಳಿದ’ ಎಂಬ ಉತ್ತರ ಸಿದ್ಧವಿರುತ್ತದೆ.

ಇನ್ನು ಆಧಾರ್. ಹುಟ್ಟಿದ ದಿನಾಂಕದ ದಾಖಲೆಯಿಲ್ಲದೆ, ಬರೀ ವಯಸ್ಸು ಹೇಳಿ ಮಾಡಿಸಿದ ಆಧಾರಿನಲ್ಲಿ ಜನವರಿ 1 ಎಂದು ಬೀಳುತ್ತದೆ. ನಮ್ಮ ಹಳ್ಳಿಯ ಶಾಲೆಗಳ ದಾಖಲಾತಿ ವಹಿ ತೆರೆದರೆ ಪುಟದ ತುಂಬಾ ಜೂನ್ 1. ಆ ದಿನ ಅರ್ಧ ಊರೇ ಹುಟ್ಟಿದಂತಿರುತ್ತದೆ! ಉದಾಹರಣೆಗೆ, ಒಬ್ಬನ ಆಧಾರಿನಲ್ಲಿ 1-1-2008, ಶಾಲೆಯಲ್ಲಿ 1-6-2008 ಎಂದಿದೆ ಎನ್ನಿ. 2026ರ ಮಾರ್ಚ್‌ನಲ್ಲಿ ನಡೆದ ಕಳವಿನಲ್ಲಿ ಸಿಕ್ಕರೆ ಆಧಾರ್ ಪ್ರಕಾರ ಅವನು ವಯಸ್ಕ, ಶಾಲೆಯ ಪ್ರಕಾರ 17 ವರ್ಷ 9 ತಿಂಗಳಿನವನು. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿಗಳ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಸಾಲಿನಲ್ಲಿ ಆಧಾರ್ ಎಲ್ಲೂ ಇಲ್ಲ. ಅದು ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇನ್ನೊಂದು ಮಾತು: ಲೆಕ್ಕ ಹಿಡಿಯಬೇಕಾದದ್ದು ಕೃತ್ಯ ನಡೆದ ದಿನದ ವಯಸ್ಸನ್ನು. ಹಿಡಿದು ತಂದ ದಿನದ್ದನ್ನಲ್ಲ. ಕೃತ್ಯಕ್ಕೂ ಬಂಧನಕ್ಕೂ ತಿಂಗಳುಗಟ್ಟಲೆ ಅಂತರವಿರುವ ಬೈಕ್ ಕಳವು ಪ್ರಕರಣಗಳಲ್ಲಿ ತಪ್ಪುವುದು ಇಲ್ಲೇ.

ಬಾಲನ್ಯಾಯ ಮಂಡಳಿ ನ್ಯಾಯಾಂಗದ್ದು; ಅದಕ್ಕೆ ನೀವು ಏನನ್ನೂ ಹೇಳುವಂತಿಲ್ಲ, ಹೇಳಿ ಎಂದು ನಾವು ಕೇಳುವುದೂ ಇಲ್ಲ. ಆದರೆ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ನಿಮ್ಮೆದುರು ಕೂರುವ ಶಿಕ್ಷಣ, ಆರೋಗ್ಯ, ಪೊಲೀಸ್, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅಧಿಕಾರಿಗಳ ಕೈಯಲ್ಲೇ ಆ ಕಾಗದಗಳಿವೆ. ಶನಿವಾರ ರಾತ್ರಿ ಹಿಡಿದ ಹುಡುಗನ ಶಾಲಾ ದಾಖಲೆ ಭಾನುವಾರ ಮ್ಯಾಜಿಸ್ಟ್ರೇಟರ ಮನೆಯಲ್ಲಿ ರಿಮಾಂಡ್ ಆಗುವ ಹೊತ್ತಿಗೆ ಸಿಗುವುದಿಲ್ಲ, ಏಕೆಂದರೆ ಶಾಲೆಗೆ ಬೀಗ. ಆದರೆ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಬೀಗವಿಲ್ಲ. ಹುಡುಗನ ಹೆಸರು, ತಂದೆಯ ಹೆಸರು, ಕಲಿತ ಶಾಲೆ ಇಷ್ಟು ಗೊತ್ತಾದರೆ ದಾಖಲಾದ ಜನ್ಮದಿನಾಂಕ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಹುಬ್ಬಳ್ಳಿ ಶಹರ, ಹುಬ್ಬಳ್ಳಿ ಗ್ರಾಮೀಣ, ಧಾರವಾಡ ಶಹರ, ಧಾರವಾಡ ಗ್ರಾಮೀಣ, ಕಲಘಟಗಿ, ಕುಂದಗೋಳ, ನವಲಗುಂದ, ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ರಜಾದಿನಕ್ಕೂ ಫೋನ್ ಎತ್ತುವ ಒಬ್ಬ ಸಿಬ್ಬಂದಿಯನ್ನು ಹೆಸರಿಸಿ. ಜನನ ನೋಂದಣಿಯ ಇ-ಜನ್ಮ ದಾಖಲೆಗೂ ಇದೇ ಏರ್ಪಾಡು ಬೇಕು. ಶಾಲೆಯ ಮೆಟ್ಟಿಲು ಹತ್ತದ ಹುಡುಗನಾದರೆ ತಾಯಿ ಕಾರ್ಡ್ ಕೇಳಿ. ಅದು ತಾನೇ ಪುರಾವೆಯಾಗದಿದ್ದರೂ ಯಾವ ಆಸ್ಪತ್ರೆಯ ಹೆರಿಗೆ ವಹಿ ತೆರೆಯಬೇಕೆಂದು ತೋರಿಸುತ್ತದೆ.

ಪೊಲೀಸರದು ಇಲ್ಲಿ ಎರಡು ಆಡಳಿತ: ಅವಳಿನಗರಕ್ಕೆ ಕಮಿಷನರ್, ಉಳಿದ ಜಿಲ್ಲೆಗೆ ಎಸ್‌ಪಿ. ಇಬ್ಬರಿಂದಲೂ ಒಂದೇ ಸುತ್ತೋಲೆ ಹೊರಡಬೇಕು: 21ಕ್ಕಿಂತ ಕಡಿಮೆ ವಯಸ್ಸಿನವನೆಂದು ಕಾಣುವ ಯಾರದೇ ರಿಮಾಂಡ್ ಅರ್ಜಿಯಲ್ಲಿ ವಯಸ್ಸಿನ ಮುಂದೆ ಅದು ಯಾವ ದಾಖಲೆಯಿಂದ ಬಂತು ಎಂದು ಬರೆಯಬೇಕು, ನಕಲು ಲಗತ್ತಿಸಬೇಕು. ದಾಖಲೆ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಲಿ. ಆಗ ಮ್ಯಾಜಿಸ್ಟ್ರೇಟರ ಕಣ್ಣು ಅಲ್ಲಿ ನಿಲ್ಲುತ್ತದೆ. ಎದುರಿಗಿರುವವನು ಬಾಲಕನೆಂದು ಕಂಡುಬಂದರೆ 9ನೇ ಕಲಮಿನ ಪ್ರಕಾರ ಅವನನ್ನು ಮಂಡಳಿಗೆ ಕಳಿಸಲೇಬೇಕು.

ಮೂಳೆ ಪರೀಕ್ಷೆಯ ಬಗ್ಗೆ ಅತಿಯಾದ ನಂಬಿಕೆ ಇದೆ. ಮಣಿಕಟ್ಟು, ಮೊಣಕೈ, ಸೊಂಟದ ಎಕ್ಸ್‌ರೇಯಲ್ಲಿ ಮೂಳೆಯ ತುದಿ ಕೂಡಿದೆಯೇ ಇಲ್ಲವೇ ಎಂದು ನೋಡಿ ಹೇಳುವ ಅಂದಾಜು ಅದು, ಎರಡು ವರ್ಷ ಆಚೀಚೆ ಆಗಬಹುದು. ‘18ರಿಂದ 19’ ಎಂಬ ವರದಿ ಬಂದರೆ ಅವನು ವಯಸ್ಕನೇ ಎಂದು ಹೇಳಲಾಗದು. ಆದೇಶವಾದ 15 ದಿನದೊಳಗೆ ಪರೀಕ್ಷೆ ಮುಗಿಯಬೇಕೆಂದು ಕಾಯ್ದೆಯಲ್ಲಿದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಿ (ಹಿಂದಿನ ಕಿಮ್ಸ್) ಇದಕ್ಕೆ ವಾರದಲ್ಲಿ ನಿಗದಿತ ದಿನವೊಂದು ಇದ್ದರೆ ಪೊಲೀಸರು ಹುಡುಗನನ್ನು ವಿಭಾಗದಿಂದ ವಿಭಾಗಕ್ಕೆ ಅಲೆಸುವುದು ತಪ್ಪುತ್ತದೆ.

16 ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದಾಗ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ಮಂಡಳಿ ಪೂರ್ವಭಾವಿ ಮೌಲ್ಯಮಾಪನ ಮಾಡುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ತಿಂಗಳ ಗಡುವು ಬೇರೆ. ಗದಗ, ಹಾವೇರಿಯವರಿಗೂ ಹತ್ತಿರವಾಗುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಧಾರವಾಡದಲ್ಲೇ ಇರುವಾಗ ಮೂರು ಜಿಲ್ಲೆಗೂ ಸೇರಿ ತಜ್ಞರ ಒಂದು ಪಟ್ಟಿ, ಒಂದು ವೇಳಾಪಟ್ಟಿ ಮಾಡಿಸುವುದು ದೊಡ್ಡ ಕೆಲಸವೇನಲ್ಲ.

ಈಗಾಗಲೇ ಒಳಗಿರುವವರ ಪಾಡೇನು? ಧಾರವಾಡ ಕೇಂದ್ರ ಕಾರಾಗೃಹ, ಹುಬ್ಬಳ್ಳಿ ಉಪ ಕಾರಾಗೃಹಗಳಲ್ಲಿ 18ರಿಂದ 21 ಎಂದು ದಾಖಲಾದ ಪ್ರತಿಯೊಬ್ಬ ವಿಚಾರಣಾಧೀನ ಬಂದಿಯ ಶಾಲಾ ದಾಖಲೆಯನ್ನು ಒಮ್ಮೆ ತರಿಸಿ ನೋಡಬೇಕು. ಬಾಲಕನೆಂಬ ವಾದವನ್ನು ಯಾವ ಹಂತದಲ್ಲಾದರೂ, ತೀರ್ಪು ಬಂದ ಮೇಲೂ ಎತ್ತಬಹುದು. ಪಟ್ಟಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಅರ್ಜಿ ಹಾಕಲು ಅವರ ವಕೀಲರಿದ್ದಾರೆ. ದೊಡ್ಡವರ ಜೈಲುಗಳಲ್ಲಿ ಮಕ್ಕಳಿದ್ದಾರೆಯೇ ಎಂದು ಮಂಡಳಿಯೇ ನಿಯಮಿತವಾಗಿ ಹೋಗಿ ನೋಡಬೇಕೆಂದು 8ನೇ ಕಲಂ ಹೇಳುತ್ತದೆ. ಆ ಭೇಟಿಗೆ ವಾಹನ ಕೊಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹೊಣೆ.

ಜೈಲಿನಲ್ಲಿ ಹೊಸಬನಿಗೆ ಅಪಾಯ ಹೆಚ್ಚಿರುವುದು ಮೊದಲ ದಿನಗಳಲ್ಲೇ: ಹಳಬರ ಬೆದರಿಕೆ, ಮನೆಯವರಿಗೆ ಫೋನ್ ಮಾಡಿಸಿ ಹಣ ಕೇಳುವುದು, ನಶೆ ನಿಂತಾಗಿನ ನಡುಕ, ಆತ್ಮಹತ್ಯೆಯ ಯೋಚನೆ. ಮೊದಲ ರಾತ್ರಿ ಅವನನ್ನು ಸಾಮಾನ್ಯ ಬ್ಯಾರಕ್ಕಿಗೆ ಬಿಡದೆ ಕಾವಲುಗಾರನ ಕಣ್ಣಳತೆಯ ಕೋಣೆಯಲ್ಲಿ ಇಡಬೇಕು, ವೈದ್ಯರು ಬಟ್ಟೆ ತೆಗೆಸಿ ಗಾಯ ನೋಡಿ ಬರೆಯಬೇಕು, ಮನೆಗೆ ಒಂದು ಕರೆ ಮಾಡಿಸಬೇಕು. ಎಳೆಯರನ್ನು ಒಂದೇ ಕಡೆ ಇಟ್ಟು ಅವರ ಮೇಲೆ ಹಳೆಯ ಕೈದಿಯನ್ನು ‘ಮೇಸ್ತ್ರಿ’ ಮಾಡಿದರೆ ಬೇರೆ ಇಟ್ಟ ಪ್ರಯೋಜನವೇ ಇಲ್ಲ. ಸಿಸಿ ಕ್ಯಾಮೆರಾ ಬೇಕು, ಸರಿ. ಆದರೆ ರಾತ್ರಿ ಪರದೆ ನೋಡುವ ಸಿಬ್ಬಂದಿಯಿಲ್ಲದ ಕ್ಯಾಮೆರಾ ಕೆಲಸಕ್ಕೆ ಬರುವುದು ಅನಾಹುತ ಆದಮೇಲೆಯೇ.

ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದ ಕಥೆ ಬೇರೆ. ಅಲ್ಲಿ ಗದ್ದಲ, ಪಲಾಯನ ಆದಾಗಲೆಲ್ಲ ಗೋಡೆ ಎತ್ತರಿಸುವ ಮಾತು ಬರುತ್ತದೆ. ಜಾಮೀನು ಸಿಕ್ಕೂ ಹೊರಗೆ ಹೋಗದ ಮಕ್ಕಳನ್ನು ಮೊದಲು ಎಣಿಸಿ. 12ನೇ ಕಲಮಿನಲ್ಲಿ ಜಾಮೀನು ಸಾಮಾನ್ಯ ನಿಯಮ, ಶ್ಯೂರಿಟಿ ಇಲ್ಲದೆಯೂ ಕೊಡಬಹುದು. ಷರತ್ತು ಪೂರೈಸಲಾಗದೆ 7 ದಿನ ಕಳೆದರೆ ಹುಡುಗನನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕು. ಆ ಏಳನೇ ದಿನವನ್ನು ನೆನಪಿಡುವ ಒಂದು ವಹಿ ಅಧೀಕ್ಷಕರ ಮೇಜಿನ ಮೇಲಿರಲಿ. ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಬರಬೇಕು. ಆ ಹುದ್ದೆ ಖಾಲಿಯಿದ್ದರೆ ವರದಿಯಿಲ್ಲ. ವರದಿಯಿಲ್ಲದೆ ವಿಚಾರಣೆ ಮುಂದೆ ಹೋಗುತ್ತಲೇ ಇರುತ್ತದೆ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಮತ್ತೆರಡು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಕೊನೆಯಾಗುತ್ತದೆ. ಅದರಿಂದ ದೂರುದಾರರಿಗೂ ನ್ಯಾಯವಿಲ್ಲ.

ಮಕ್ಕಳನ್ನು ಮುಂದೆ ಬಿಟ್ಟು ಕಳವು ಮಾಡಿಸುವ ದೊಡ್ಡವರ ಮೇಲೆ ನ್ಯಾಯ ಸಂಹಿತೆಯ 95ನೇ ಕಲಂ ಇದೆ: ಕನಿಷ್ಠ 3, ಗರಿಷ್ಠ 10 ವರ್ಷ. ಇಂಥ ಪ್ರಕರಣಗಳಲ್ಲಿ ಎಷ್ಟಕ್ಕೆ ಅದನ್ನು ಹಾಕಲಾಗಿದೆ ಎಂದು ದಯವಿಟ್ಟು ಕೇಳಿ.

ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿಯಲ್ಲಿ ಈ ನಾಲ್ಕು ಅಂಕಿ ಸೇರಿಸಿ, ಹೆಸರುಗಳಿಲ್ಲದೆ: ದಾಖಲೆ ಲಗತ್ತಿಲ್ಲದೆ ಹೋದ ರಿಮಾಂಡ್ ಅರ್ಜಿಗಳು, ಜೈಲಿನಿಂದ ಮಂಡಳಿಗೆ ವರ್ಗವಾದವರು, ಜಾಮೀನಿನ ನಂತರವೂ 7 ದಿನ ಮೀರಿ ಒಳಗುಳಿದ ಮಕ್ಕಳು, ಖಾಲಿಯಿರುವ ಪರಿವೀಕ್ಷಣಾಧಿಕಾರಿ ಹುದ್ದೆಗಳು. ಬಿಇಒ ಕಚೇರಿಗಳ ರಜಾದಿನದ ಫೋನ್ ಸಂಖ್ಯೆಗಳು ಅದಕ್ಕೂ ಮೊದಲೇ ಎಲ್ಲ ಠಾಣೆಗಳ ಗೋಡೆಯ ಮೇಲಿರಲಿ.

ಇಂತಿ,
ಬಾಲನ್ಯಾಯ ಕ್ಷೇತ್ರದಲ್ಲಿ ಕೆಲಸ ಮಾಡುವ ವಕೀಲರು ಮತ್ತು ಸಮಾಜ ಕಾರ್ಯಕರ್ತರು
ಹುಬ್ಬಳ್ಳಿ-ಧಾರವಾಡ